ಬದುವಿನ ಹುಲ್ಲಿಗೆ ಯಾವ ಅಲಗು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ಹೆಸರನ್ನು ಕೇಳಿದೊಡನೆ ಹೊರನಾಡಿನವರ ಕಣ್ಣಮುಂದೆ ಬರುವುದು ಬೇಸಗೆಯಲ್ಲಿ ಬಾಯ್ದೆರೆದು ನಿಂತ ಎರೆಭೂಮಿಯೇ ಹೊರತು ಎದೆಯೆತ್ತರದ ಹುಲ್ಲಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯನ್ನು, ಅದನ್ನೂ ನಂಬಿಕೆಗೆ ನಿಲ್ಲದ ರೀತಿಯಲ್ಲಿ, ಪಡೆಯುವ ಈ ಸೀಮೆಯಲ್ಲಿ ಹುಲ್ಲು ಹೆಚ್ಚಾಯಿತೆಂದು ಯಾರಾದರೂ ದೂರಿದರೆ ಹಿರಿಯರು ನಕ್ಕಾರು. ಮೇವಿಲ್ಲದೆ ದನಗಳ ಹಗ್ಗವನ್ನು ಬಿಚ್ಚಿಬಿಟ್ಟ ವರ್ಷಗಳ ಕಥೆಯನ್ನು ತಮ್ಮ ಹಿರಿಯರ ಬಾಯಿಂದ ಕೇಳಿದವರು ಅವರು. ಆದರೂ ಶ್ರಾವಣ ಕಳೆದು ಭಾದ್ರಪದ ಹಿಡಿಯುವ ಹೊತ್ತಿಗೆ, ಹಿಂಗಾರಿ ಜೋಳಕ್ಕಾಗಿ ಹರಗಿಬಿಟ್ಟ ಹೊಲ ಬೋಳಾಗಿ ಮಲಗಿರುವಾಗ, ಅದರ ಸುತ್ತಣ ಬದುಗಳ ಮೇಲೆ, ಹಳ್ಳದ ದಂಡೆಯಲ್ಲಿ, ಲಿಂಬೆಯ ತೋಟದ ಸಾಲುಗಳ ನಡುವೆ, ಕಾಲುವೆಯ ಏರಿಯ ಇಳುಕಲಿನಲ್ಲಿ ಹುಲ್ಲು ಮೊಳಕಾಲನ್ನು ದಾಟಿ ಸೊಂಟವನ್ನು ಮುಟ್ಟುವುದುಂಟು. ಆಗ ಪಡಸಾಲೆಯ ಗೋಡೆಯ ಗೂಟದಿಂದ ಕೆಳಗಿಳಿಯಬೇಕಾದ ಉಪಕರಣ ಯಾವುದು, ಅದನ್ನು ಹೇಗೆ ಪರೀಕ್ಷಿಸಿ ಕೊಳ್ಳಬೇಕು ಎಂಬುದು ನೋಡುವುದಕ್ಕೆ ಅಲ್ಪ ವಿಷಯವೆಂದು ತೋರಿದರೂ, ಅದನ್ನು ಹಿಡಿದು ಇಡೀ ಹಗಲನ್ನು ಕಳೆಯುವ ಕೈಗೂ ಬೆನ್ನಿಗೂ ಅಲ್ಪವಾದುದಲ್ಲ.

ಪೆಟ್ರೋಲಿನಿಂದ ನಡೆಯುವ, ಹೆಗಲಿಗೆ ತೂಗುಬಿಟ್ಟುಕೊಳ್ಳುವ ಯಂತ್ರಗಳು ತಾಲೂಕು ಪಟ್ಟಣಗಳ ಅಂಗಡಿಗಳಿಗೂ ಬಂದಿರುವ ಈ ಕಾಲದಲ್ಲಿ ಕೈಯುಪಕರಣದ ಮಾತೇಕೆ ಎಂದು ಕೇಳುವವರಿಗೆ ಸಂಕ್ಷೇಪವಾಗಿ ಇಷ್ಟನ್ನು ಹೇಳಬಹುದು: ಅತಿವೇಗದಿಂದ ತಿರುಗುವ ಆ ಯಂತ್ರದ ದಾರ ಹುಲ್ಲನ್ನು ಕೊಯ್ಯುವುದಿಲ್ಲ, ಚೂರುಮಾಡಿ ಮಣ್ಣಿನೊಡನೆ ಎರಚುತ್ತದೆ. ಹುಲ್ಲನ್ನು ಕಸವೆಂದು ಎಣಿಸುವ ಕಡೆ ಅದು ಸಲ್ಲುತ್ತದೆ. ಹುಲ್ಲನ್ನು ಮೇವೆಂದು ಎಣಿಸುವ ಕಡೆ ಎಮ್ಮೆಯ ಮುಂದೆ ಹಾಕಲು ಒಂದು ಸಿವುಡಾದರೂ ಶುಭ್ರವಾಗಿ ಉಳಿಯಬೇಕು.

ಉಪಕರಣವನ್ನು ಆರಿಸುವ ಮುನ್ನ ಹುಲ್ಲನ್ನು ಏನು ಮಾಡಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕೊಯ್ಯುವುದು ಬೇರೆ, ಕೀಳುವುದು ಬೇರೆ, ಕೆತ್ತುವುದು ಬೇರೆ. ಹೊಲದೊಳಗಣ ಕಳೆಯನ್ನು ಬೇರುಸಹಿತ ತೆಗೆಯಬೇಕಾದುದರಿಂದ ಅಲ್ಲಿ ಕುರ್ಚಿಗಿಗೂ ಎಡೆಕುಂಟೆಗೂ ಅಧಿಕಾರವುಂಟು; ಬದುವಿನ ಮೇಲೆ ಅವಕ್ಕೆ ಅಧಿಕಾರವಿಲ್ಲ. ಎರೆಮಣ್ಣಿನ ಸ್ವಭಾವವನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ನೀರುಂಡು ಉಬ್ಬುವ, ಒಣಗಿ ಕುಗ್ಗುವ ಈ ಮಣ್ಣಿನ ಒಡ್ಡು ಬೇಸಗೆಯಲ್ಲಿ ಸೀಳುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಸೀಳಿನೊಳಗೆ ದಾರಿ ಮಾಡಿಕೊಂಡಿತೆಂದರೆ ಒಡ್ಡು ಒಡೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಹುಲ್ಲಿನ ಬೇರಿನ ಹೆಣಿಗೆ. 1933ರಲ್ಲಿ, ಅಂದು ಬಿಜಾಪುರವೆನಿಸಿದ್ದ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರವೊಂದು ಸ್ಥಾಪಿತವಾದುದೂ, ಆಗ ಈ ಸೀಮೆಯನ್ನು ಆಳುತ್ತಿದ್ದ ಮುಂಬಯಿ ಸರಕಾರವು 1942ರಲ್ಲಿ ಜಮೀನು ಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿದುದೂ, 1942–43ರ ಬರಗಾಲವು ಜಿಲ್ಲೆಯನ್ನು ಹಿಂಡಿದ ಕಾಲದಿಂದ ಮುಂದೆ ಇಳುಕಲು ಹೊಲಗಳಿಗೆ ಒಡ್ಡು ಹಾಕಿಸುವ ಕಾರ್ಯ ಇಲ್ಲಿ ವಿಸ್ತಾರವಾಗಿ ನಡೆದುದೂ, ಎಲ್ಲವೂ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯಬೇಕೆಂಬ ಒಂದೇ ಉದ್ದೇಶದ ಫಲಗಳು. ಅಷ್ಟು ಶ್ರಮದಿಂದ ಹಾಕಿದ ಒಡ್ಡಿನ ಹುಲ್ಲನ್ನು ಸಲಿಕೆಯಿಂದ ಕೆತ್ತಿ ಬೋಳುಮಾಡುವುದು, ಇಲ್ಲವೆ ಕಳೆನಾಶಕವನ್ನು ಸಿಂಪಡಿಸಿ ಬೇರನ್ನೇ ಕೊಲ್ಲುವುದು, ನನ್ನ ದೃಷ್ಟಿಯಲ್ಲಿ ಹೊಲಕ್ಕೆ ಮಾಡುವ ದ್ರೋಹ. ಬದುವಿಗೆ ಬೇಕಾದುದು ಹುಲ್ಲನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ದು ಬೇರನ್ನು ಅದರ ಪಾಡಿಗೆ ಬಿಡುವ ಅಲಗು.

ನಾಲ್ಕು ಬೆರಳೆಂಬ ಮಾತಿಗೂ ಆಧಾರವುಂಟು. ಗಿಡಗಳು ಸಾಮಾನ್ಯವಾಗಿ ತುದಿಯಲ್ಲಿ ಬೆಳೆಯುತ್ತವೆ. ತುದಿಯನ್ನು ಚಿವುಟಿದರೆ ಅಲ್ಲಿಗೆ ಆ ಕೊಂಬೆಯ ಬೆಳವಣಿಗೆ ನಿಂತಿತು. ಹುಲ್ಲಿನ ಜಾತಿ ಹಾಗಲ್ಲ. ಅದರ ಬೆಳೆಯುವ ಸ್ಥಾನ ಬುಡದಲ್ಲಿ, ಎಲೆಯ ಮೂಲದಲ್ಲಿ ಅಡಗಿರುತ್ತದೆ. ದನ ಮೇಯ್ದರೂ ಕುಡುಗೋಲು ಕೊಯ್ದರೂ ಆ ಸ್ಥಾನ ಉಳಿದರೆ ಹುಲ್ಲು ಮತ್ತೆ ಏಳುತ್ತದೆ. ತೀರ ಕೆಳಗೆ ಕೊಯ್ದರೆ ಬುಡಕ್ಕೂ ನೋವು, ಮಣ್ಣನ್ನು ತಾಗಿದ ಅಲಗಿಗೂ ನೋವು. ಹುಲ್ಲು ತೆನೆ ಹೊರಡುವ ಹೊತ್ತಿಗೆ ಕೊಯ್ದರೆ ಮೇವಿಗೆ ಸತ್ತ್ವವಿರುತ್ತದೆ. ಬೀಜ ಬಲಿತ ಮೇಲೆ ದಂಟು ಗಡುಸಾಗುತ್ತದೆ, ಬೀಜ ಹೊಲಕ್ಕೆ ಉದುರುತ್ತದೆ, ಅಲಗು ಬೇಗ ಮೊಂಡಾಗುತ್ತದೆ.

ಹುಲ್ಲು ಅಲಗನ್ನು ಮೊಂಡುಮಾಡುವುದೇಕೆ ಎಂಬುದೂ ಕುತೂಹಲಕರವಾದ ಸಂಗತಿ. ಹುಲ್ಲಿನ ಎಲೆಯಲ್ಲಿ ಸಿಲಿಕಾ ಎಂಬ, ಮರಳಿನ ದ್ರವ್ಯವೇ ಆದ ಪದಾರ್ಥವು ಸೂಕ್ಷ್ಮ ಕಣಗಳಾಗಿ ನೆಲಸಿರುತ್ತದೆ. ಕಬ್ಬಿಣವನ್ನು ಕಾಣದ ಕಾಲದಲ್ಲಿ, ಹತ್ತು ಸಾವಿರ ವರ್ಷಗಳಿಗೂ ಹಿಂದೆ, ಪಶ್ಚಿಮ ಏಷ್ಯದ ಜನರು ಕಾಡುಧಾನ್ಯದ ದಂಟನ್ನು ಕೊಯ್ದ ಚಕಮಕಿ ಕಲ್ಲಿನ ಅಲಗುಗಳ ಅಂಚಿನಲ್ಲಿ ಈ ಘರ್ಷಣೆಯಿಂದ ಹುಟ್ಟಿದ ಹೊಳಪು ಇಂದಿಗೂ ಮಾಸಿಲ್ಲ. ಆ ಹೊಳಪನ್ನು ನೋಡಿಯೇ ಪುರಾತತ್ತ್ವಜ್ಞರು ಅವುಗಳನ್ನು ಕುಡುಗೋಲುಗಳೆಂದು ಗುರುತಿಸಿದರು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಲ್ಲಿ ಮೃತರ ಮಗ್ಗುಲಲ್ಲಿ ದೊರೆತ ಕಬ್ಬಿಣದ ಕುಡುಗೋಲುಗಳಿಗೂ ಇಂದು ಸಿಂದಗಿಯ ಸಂತೆಯಲ್ಲಿ ಕೊಳ್ಳುವ ಕುಡುಗೋಲಿಗೂ ಆಕಾರದಲ್ಲಿ ಬಹುದೊಡ್ಡ ಅಂತರವಿಲ್ಲ. ಇಷ್ಟು ದೀರ್ಘಕಾಲ ರೂಪ ಬದಲಿಸದೆ ನಿಂತ ವಸ್ತುವಿನಲ್ಲಿ ಏನೋ ಒಂದು ಯುಕ್ತಿ ಇದ್ದೇ ಇರಬೇಕೆಂದು ತರ್ಕಿಸುವುದು ಅಸಮಂಜಸವಾಗದು.

ಆ ಯುಕ್ತಿ ಇರುವುದು ಅಲಗಿನಲ್ಲಿ ಮಾತ್ರವಲ್ಲ. ಹುಲ್ಲು ಕೊಯ್ಯುವಾಗ ನಮ್ಮ ಗಮನವೆಲ್ಲ ಹರಿತದ ಮೇಲಿರುತ್ತದೆ. ಆದರೆ ಎಷ್ಟೇ ಹರಿತವಾದ ಅಲಗನ್ನು ಒಂಟಿ ಹುಲ್ಲಿನೆಸಳಿಗೆ ಮೆಲ್ಲನೆ ತಾಗಿಸಿದರೂ ಎಸಳು ಬಾಗಿ ತಪ್ಪಿಸಿಕೊಳ್ಳುವುದೇ ಹೊರತು ತುಂಡಾಗುವುದಿಲ್ಲ. ಕೊಯ್ಲಿಗೆ ಮೊದಲು ಹುಲ್ಲು ನಿಲ್ಲಬೇಕು. ಅದನ್ನು ನಿಲ್ಲಿಸುವವರು ಯಾರು ಎಂಬ ಪ್ರಶ್ನೆಗೆ ಪ್ರತಿಯೊಂದು ಉಪಕರಣವೂ ತನ್ನದೇ ಉತ್ತರವನ್ನು ಕೊಡುತ್ತದೆ. ಕುಡುಗೋಲಿನಲ್ಲಿ ನಿಲ್ಲಿಸುವುದು ಎಡಗೈ. ತೋಟದ ದೊಡ್ಡ ಕತ್ತರಿಯಲ್ಲಿ ಎದುರಿನ ಅಲಗು. ಉದ್ದ ಕಾವಿನ ಬೀಸು ಉಪಕರಣಗಳಲ್ಲಿ ಯಾರೂ ನಿಲ್ಲಿಸುವುದಿಲ್ಲ. ಹುಲ್ಲು ಬಾಗುವುದಕ್ಕೆ ಸಮಯವೇ ಸಿಕ್ಕದಷ್ಟು ವೇಗವಾಗಿ ಅಲಗು ಬಂದು ಎರಗುವುದರಿಂದ ಅದರ ಜಡತ್ವವೇ ಅದನ್ನು ನಿಲ್ಲಿಸುತ್ತದೆ. ಕೊಳ್ಳುವವನು ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡನೆಂದರೆ ಅರ್ಧ ಆಯ್ಕೆ ಅಲ್ಲಿಯೇ ಮುಗಿಯುತ್ತದೆ. ಎಡಗೈಯನ್ನು ಹುಲ್ಲಿನೊಳಗೆ ನೀಡಬಹುದಾದ ಸ್ಥಳವೆ, ಅಲ್ಲವೆ? ಬೀಸುವುದಕ್ಕೆ ಸುತ್ತಲೂ ತೆರಪಿದೆಯೆ, ಇಲ್ಲವೆ? ಬದುವಿನಲ್ಲಿ ಕಲ್ಲುಂಟು, ಜಾಲಿಯ ಮುಳ್ಳುಂಟು, ಮಗ್ಗುಲಲ್ಲಿ ತೊಗರಿಯ ಸಾಲುಂಟು. ಅಲ್ಲಿ ಬೀಸುವ ಉಪಕರಣ ನಡೆಯದು, ಹಿಡಿದು ಕೊಯ್ಯುವ ಕುಡುಗೋಲೇ ನಡೆಯಬೇಕು.

ಕುಡುಗೋಲಿನ ಬಾಗು ಅಲಂಕಾರಕ್ಕಾಗಿ ಬಂದುದಲ್ಲ. ಹರಡಿದ ದಂಟುಗಳನ್ನು ಒಟ್ಟುಗೂಡಿಸಿ ಎಡಗೈಗೆ ಒಪ್ಪಿಸುವುದು ಅದರ ಮೊದಲನೆಯ ಕೆಲಸ. ಎಳೆದಂತೆಲ್ಲ ಅಲಗು ದಂಟಿನ ಮೇಲೆ ಓರೆಯಾಗಿ ಜಾರುತ್ತ ಸಾಗುವಂತೆ ಮಾಡುವುದು ಎರಡನೆಯದು. ನೆಟ್ಟಗೆ ಒತ್ತಿದರೆ ಕೊಯ್ಯದ ಹುಲ್ಲು ಓರೆಯಾಗಿ ಜಾರಿಸಿದರೆ ಸುಲಭವಾಗಿ ಕೊಯ್ಯಲ್ಪಡುತ್ತದೆ. ಆಳವಾದ ಬಾಗು ಹೆಚ್ಚು ಹುಲ್ಲನ್ನು ಬಾಚುತ್ತದೆ, ಆದರೆ ಹೆಚ್ಚು ಬಲವನ್ನೂ ಬೇಡುತ್ತದೆ. ಎಳೆಯರಿಗೂ ವೃದ್ಧರಿಗೂ ಬಾಗು ಕಡಿಮೆಯಾದ ಹಗುರ ಕುಡುಗೋಲೇ ಹಿತ. ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ನೋಡಿ: ಅಲಗು ನೆಲದ ಮಟ್ಟಕ್ಕೆ ಬಂದಾಗ ಬೆರಳಿನ ಗೆಣ್ಣುಗಳು ಮಣ್ಣಿಗೆ ತಾಗುವಂತಿದ್ದರೆ ಅದನ್ನು ಅಲ್ಲಿಯೇ ಇಟ್ಟು ಬನ್ನಿ. ಹಿಡಿ ಅಲಗಿಗಿಂತ ತುಸು ಮೇಲಕ್ಕೆ ಎದ್ದಿರಬೇಕು. ಈ ಚಿಕ್ಕ ಪರೀಕ್ಷೆಯನ್ನು ಸಂತೆಯಲ್ಲಿ ಮಾಡುವವರು ವಿರಳ. ಸಂಜೆಯ ಹೊತ್ತಿಗೆ ಗೆಣ್ಣುಗಳ ಸಿಪ್ಪೆ ಸುಲಿದ ಮೇಲೆ ಅದರ ಅರಿವಾಗುತ್ತದೆ.

ಇನ್ನು ನಯವಾದ ಅಲಗೋ ಹಲ್ಲಿನ ಅಲಗೋ ಎಂಬ ವಿಚಾರ. ಈ ಭಾಗದ ಕಂಬಾರನ ಕುಲುಮೆಗೆ ಹೋಗಿ ಕುಡುಗೋಲು ಬೇಕೆಂದರೆ ಅವನು ಕೇಳುವ ಮೊದಲ ಮಾತು, “ಹಸಿದಕ್ಕ ಬೇಕೇನ್ರಿ, ಒಣದಕ್ಕ?” ಎಂಬುದು. ಉಪಕರಣಗಳನ್ನು ಕುರಿತ ಗ್ರಂಥಗಳು ಪುಟಗಟ್ಟಲೆ ಹೇಳುವುದನ್ನು ಅವನು ಮೂರು ಪದಗಳಲ್ಲಿ ಮುಗಿಸುತ್ತಾನೆ. ರಸಭರಿತವಾದ ಹಸಿಹುಲ್ಲಿಗೆ, ಲೂಸರ್ನಿನಂಥ ಮೇವಿಗೆ ನಯವಾದ ಅಲಗು ಉತ್ತಮ. ಅದು ಶುದ್ಧವಾಗಿ ಕೊಯ್ಯುತ್ತದೆ. ಮೊಂಡಾದಾಗ ಹೊಲದಲ್ಲಿಯೇ ಮಸೆಗಲ್ಲಿನಿಂದ ನಾಲ್ಕು ಸಲ ಎಳೆದರೆ ಮತ್ತೆ ಸಿದ್ಧವಾಗುತ್ತದೆ. ಆದರೆ ಒಣಗಿ ಬಿರುಸಾದ ಹುಲ್ಲಿನ ಮೇಲೆ, ಜೋಳದ ದಂಟಿನ ಮೇಲೆ, ನಯವಾದ ಅಲಗು ಜಾರುತ್ತದೆ. ಅಲ್ಲಿ ಗರಗಸದಂತಹ ಸಣ್ಣ ಹಲ್ಲುಗಳುಳ್ಳ ಅಲಗು ದಂಟನ್ನು ಕಚ್ಚಿ ಹಿಡಿದು ಎಳೆತಕ್ಕೆ ಕೊಯ್ಯುತ್ತದೆ. ಹಲ್ಲಿನ ಕುಡುಗೋಲನ್ನು ದಿನವೂ ಮಸೆಯಬೇಕಾಗಿಲ್ಲ ಎಂಬುದು ಅದರ ಗುಣ. ಸವೆದ ಮೇಲೆ ಕಲ್ಲಿನಿಂದ ಮಸೆಯಲಾಗದು, ಕಂಬಾರನೇ ಮತ್ತೆ ಕಕ್ಕು ಹಾಕಬೇಕು ಎಂಬುದು ಅದರ ದೋಷ. ಆದಕಾರಣ ಹಲ್ಲಿನ ಕುಡುಗೋಲನ್ನು ಕೊಳ್ಳುವವನು ತನ್ನ ಊರಿನಲ್ಲೋ ನೆರೆಯೂರಿನಲ್ಲೋ ಕಕ್ಕು ಹಾಕುವ ಕೈ ಇದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಕಾರ್ಖಾನೆಯಲ್ಲಿ ತಯಾರಾದ ಸುಧಾರಿತ ಕುಡುಗೋಲುಗಳೂ ಉಂಟು. ಭೋಪಾಲದಲ್ಲಿ 1976ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ರೂಪಿಸಿದ ‘ನವೀನ್’, ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರ ‘ವೈಭವ್’ ಎಂಬಿವು ಹಲ್ಲಿನ ಅಲಗಿನ, ಕೈಗೆ ಒಗ್ಗುವ ಹಿಡಿಯ ಹಗುರ ಕುಡುಗೋಲುಗಳು. ಕೂಲಿಯ ಹೆಂಗಸರ ಮಣಿಕಟ್ಟಿನ ದಣಿವನ್ನು ಗಮನದಲ್ಲಿಟ್ಟು ಇವುಗಳ ತೂಕವನ್ನೂ ಹಿಡಿಯನ್ನೂ ತಿದ್ದಿದುದು ಶ್ಲಾಘನೀಯವೇ ಸರಿ. ಆದರೆ ಇಂಥ ಅಲಗುಗಳಲ್ಲಿ ಹರಿತ ಸಾಮಾನ್ಯವಾಗಿ ಒಂದು ಮಗ್ಗುಲಿಗೆ ಮಾತ್ರ ಇರುತ್ತದೆ, ಅದೂ ಬಲಗೈಯವರಿಗೆ ಹೊಂದುವ ಮಗ್ಗುಲಿಗೆ; ಎಡಗೈಯವರು ಹಿಡಿದರೆ ಅಲಗು ದಂಟಿನಿಂದ ಹೊರಕ್ಕೆ ಸರಿಯುತ್ತದೆ. ಎಡಚರಿಗೆ ಕಾರ್ಖಾನೆಯಲ್ಲಿ ನ್ಯಾಯ ಸಿಗುವುದು ದುರ್ಲಭ, ಕುಲುಮೆಯಲ್ಲಿ ಸುಲಭ: “ಎಡಗೈಗೆ ಮಾಡಿಕೊಡ್ರಿ” ಎಂದರೆ ಸಾಕು.

ಕಂಬಾರರು ಈಗ ಬಹುತೇಕ ಲಾರಿಯ ಹಳೆಯ ಪಾಟಾದಿಂದ, ಎಂದರೆ ಗಾಲಿಯ ಮೇಲಿನ ಸ್ಪ್ರಿಂಗು ಪಟ್ಟಿಯಿಂದ, ಅಲಗನ್ನು ಬಡಿಯುತ್ತಾರೆ. ಅದರಲ್ಲಿ ಇಂಗಾಲವು ನೂರಕ್ಕೆ ಸುಮಾರು 0.6ರಷ್ಟಿರುವುದರಿಂದ ಅದು ಹದವನ್ನು ಹಿಡಿಯುವ ಉಕ್ಕು. ಕಟ್ಟಡಕ್ಕೆ ಹಾಕುವ ಮೆದು ಕಬ್ಬಿಣದ ಪಟ್ಟಿಯಿಂದ ಮಾಡಿದ ಅಲಗನ್ನು ಎಷ್ಟು ಮಸೆದರೂ ಹರಿತ ನಿಲ್ಲದು. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಾಜಿನಷ್ಟು ಪೆಡಸಾಗುತ್ತದೆ. ಅದನ್ನು ಮತ್ತೆ ಮೆಲ್ಲನೆ ಕಾಯಿಸಿದಾಗ ಉಜ್ಜಿದ ಮೈಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕಡೆಗೆ ನೀಲಿ, ಹೀಗೆ ಬಣ್ಣಗಳು ಹರಿಯುತ್ತವೆ. ಹಳದಿ 220 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ, ನೀಲಿ 300ರ ಸುಮಾರಿಗೆ ತೋರುವಂಥದು. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ಹೆಚ್ಚು, ಕಲ್ಲು ತಾಗಿದರೆ ಚಕ್ಕೆ ಏಳುವ ಭಯವೂ ಹೆಚ್ಚು. ನೀಲಿಯವರೆಗೆ ಬಿಟ್ಟರೆ ಅಲಗು ಬಾಗುತ್ತದೆ, ಮುರಿಯುವುದಿಲ್ಲ, ಆದರೆ ಬೇಗ ಮೊಂಡಾಗುತ್ತದೆ. ಉಷ್ಣಮಾಪಕವಿಲ್ಲದೆ, ಮಬ್ಬುಗತ್ತಲಿನ ಗುಡಿಸಿಲಿನಲ್ಲಿ ಕಣ್ಣಳತೆಯಿಂದಲೇ ಈ ಎರಡರ ನಡುವಣ ಕ್ಷಣವನ್ನು ಹಿಡಿಯುವ ವಿದ್ಯೆಗೆ ನಾವು ಕೊಡುವ ಬೆಲೆ ಎಷ್ಟು ಕಡಿಮೆಯೆಂಬುದನ್ನು ಯೋಚಿಸಿದರೆ ಸಂಕೋಚವಾಗುತ್ತದೆ.

ಕೊಳ್ಳುವವನಿಗೆ ಈ ವಿದ್ಯೆ ಬೇಕಾಗಿಲ್ಲ. ಪರೀಕ್ಷೆ ಗೊತ್ತಿದ್ದರೆ ಸಾಕು. ಅಲಗನ್ನು ಬೆರಳಿನಿಂದ ಮೀಟಿದರೆ ಸ್ವಚ್ಛವಾದ ನಾದ ಹೊರಡಬೇಕು. ಒಳಗೆ ಸೀಳಿದ್ದರೆ ನಾದ ಒಡಕಾಗಿರುತ್ತದೆ. ಅರದ ತುದಿಯನ್ನು ಅಂಚಿನ ಮೇಲೆ ಮೆಲ್ಲನೆ ಆಡಿಸಿದರೆ ಅದು ತುಸು ಕಷ್ಟದಿಂದ ಕಚ್ಚಬೇಕು. ಬೆಣ್ಣೆ ಬಂದಂತೆ ಬಂದರೆ ಹದವಿಲ್ಲ, ಸ್ವಲ್ಪವೂ ಕಚ್ಚದೆ ಜಾರಿದರೆ ಹದ ಮಿತಿಮೀರಿದೆ. ಅಲಗಿನ ಬಾಲ ಕಾವಿನೊಳಗೆ ಎಷ್ಟು ಉದ್ದ ಹೋಗಿದೆಯೆಂದು ಕೇಳಬೇಕು; ಬಾಲವನ್ನು ಕಾಯಿಸಿ ಕಾವಿನೊಳಗೆ ಇಳಿಸಿ, ಬಾಯಿಗೆ ಕಬ್ಬಿಣದ ಬಳೆ ತೊಡಿಸಿದ್ದರೆ ಹಿಡಿ ಸಡಿಲದು. ಕಾವಿಗೆ ಈ ಸೀಮೆಯಲ್ಲಿ ಕರಿಜಾಲಿಗಿಂತ ಮಿಗಿಲಾದ ಮರವನ್ನು ಹುಡುಕುವ ಅಗತ್ಯವಿಲ್ಲ. ಅದು ಗಟ್ಟಿಯೂ ಹೌದು, ಎಲ್ಲ ಹಳ್ಳದ ದಂಡೆಯಲ್ಲಿಯೂ ಉಂಟು. ಬಣ್ಣ ಬಳಿದು ಮಿರುಗಿಸಿದ ಹಿಡಿ ಬೆವರಿದ ಕೈಯಲ್ಲಿ ಜಾರುತ್ತದೆ. ಬಣ್ಣವಿಲ್ಲದ ಹಿಡಿಯೇ ವಾಸಿ.

ಹುಲ್ಲು ಕೊಯ್ಯುವುದು ಹೀನವೃತ್ತಿಯೆಂಬ ಭಾವನೆ ಯಾರಿಗಾದರೂ ಇದ್ದರೆ ಅವರು ಇದೇ ಜಿಲ್ಲೆಯ ಶಿವಣಗಿಯವರೆಂದು ಪರಂಪರೆ ಹೇಳುವ, ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನವರ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸಮಕಾಲೀನರಾದ ಅವರ ಕಾಯಕವೇ ಕೆರೆಯ ಹುಲ್ಲನ್ನು ಕೊಯ್ದು ತಂದು, ಹೊಸೆದು, ನುಲಿಯ ಹಗ್ಗಮಾಡಿ ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುವುದು. ಹುಲ್ಲು ಕೊಯ್ಯುತ್ತಿರುವಾಗ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ, ಲಿಂಗವೇ ಅವರ ಬೆನ್ನುಹತ್ತಿ ಬಂದಿತು ಎಂಬ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಚರ್ಚಿಸುತ್ತದೆ. ಅವರ ಕೈಯಲ್ಲಿದ್ದ ಅಲಗು ಯಾವ ಬಗೆಯದೆಂದು ಯಾರೂ ಬರೆದಿಟ್ಟಿಲ್ಲ. ಹಗ್ಗಕ್ಕೆ ಬೇಕಾದುದು ಮುರಿಯದ ಉದ್ದನೆಯ ಎಳೆಯಾದುದರಿಂದ, ಹಿಡಿದು ಬುಡದಲ್ಲಿ ಕೊಯ್ಯುವ ಅಲಗಾಗಿದ್ದಿರಬೇಕೆಂದು ಊಹಿಸುವುದಕ್ಕೆ ಮಾತ್ರ ನಮಗೆ ಸ್ವಾತಂತ್ರ್ಯವುಂಟು.

ಇಂಡಿಯ ಕಡೆಗೆ ಹೊರಳಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಭೌಗೋಳಿಕ ಗುರುತನ್ನು ಪಡೆದ ಇಂಡಿ ಲಿಂಬೆಯ ತೋಟಗಳ ನಾಡದು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲಿಯೇ ಇದೆ. ಲಿಂಬೆಯ ಗಿಡದ ಆಹಾರ ಹೀರುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡಿರುತ್ತವೆ. ಗಿಡದ ಬುಡದ ಹುಲ್ಲನ್ನು ಸಲಿಕೆಯಿಂದ ಕೆತ್ತಿದರೆ ಹುಲ್ಲಿನೊಡನೆ ಅವೂ ಹೋಗುತ್ತವೆ. ಬೀಸುವ ಉಪಕರಣವನ್ನು ತಂದರೆ ಅಲಗು ಕಾಂಡಕ್ಕೆ ತಾಗಿ ತೊಗಟೆ ಸೀಳಿ, ಆ ಗಾಯದಿಂದ ಅಂಟು ಸೋರುವ ರೋಗಕ್ಕೆ ದಾರಿಯಾಗುತ್ತದೆ. ಕುಳಿತು ಕೊಯ್ಯೋಣವೆಂದರೆ ಕೆಳಗಿನ ಕೊಂಬೆಗಳ ಮುಳ್ಳು ತಲೆಗೂ ಬೆನ್ನಿಗೂ ತಾಗುತ್ತದೆ. ಇಲ್ಲಿ ನಾನು ಕಂಡಂತೆ ಅನುಕೂಲವಾದುದು ಒಂದೇ ಅಲಗಲ್ಲ. ಸಾಲುಗಳ ನಡುವಣ ಬಯಲಿಗೆ ಮೂರಡಿ ಕಾವಿನ ತುದಿಗೆ ಕುಡುಗೋಲಿನ ಅಲಗನ್ನು ಜೋಡಿಸಿದ ಉಪಕರಣ. ಗಿಡದ ಸುತ್ತಣ ಒಂದು ಮೊಳದ ವಲಯಕ್ಕೆ ಮಾತ್ರ ಚಿಕ್ಕ ಕೈಗುಡುಗೋಲು. ಕೊಯ್ದ ಹುಲ್ಲನ್ನು ಅಲ್ಲಿಯೇ ಹಾಸಿದರೆ ತೇವ ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ಹಾಸಬೇಕು, ಅಷ್ಟೆ.

ಕಾಲುವೆಗಳು ಬಂದ ಮೇಲೆ ಈ ನಾಡಿನ ಹುಲ್ಲಿನ ಚರಿತ್ರೆಯಲ್ಲಿ ಹೊಸ ಅಧ್ಯಾಯವೊಂದು ತೆರೆದಿದೆ. ಅಂದಿನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಅಣೆಕಟ್ಟು, ನಾರಾಯಣಪುರದ ಎಡದಂಡೆ ಕಾಲುವೆ, ಅದರಿಂದ ಹೊರಟು ಸಿಂದಗಿ ಇಂಡಿಗಳ ಕಡೆಗೆ ಹರಿಯುವ ಇಂಡಿ ಶಾಖಾ ಕಾಲುವೆ, ಇವುಗಳ ಏರಿಗಳ ಮೇಲೆ ಹುಲ್ಲು ಮೈಲಿಗಟ್ಟಲೆ ನಿಲ್ಲುತ್ತದೆ. ಬಸಿನೀರಿನ ತಗ್ಗುಗಳಲ್ಲಿ, ಹಿಂದೆ ಈ ಭಾಗದವರು ಅಷ್ಟಾಗಿ ಕಾಣದ ಆಪು ಎಂಬ ಜೊಂಡು ಹಬ್ಬಿದೆ. ಆಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದರೆ ಶ್ರಮ ವ್ಯರ್ಥ. ಅದು ಮತ್ತೆ ಏಳುತ್ತದೆ. ಅದರ ಎಲೆಯೊಳಗಣ ಟೊಳ್ಳುಗಳ ಮೂಲಕ ಕೆಸರಿನೊಳಗಿನ ಗೆಡ್ಡೆಗೆ ಗಾಳಿ ಇಳಿಯುವುದರಿಂದ, ನೀರಿನೊಳಗೆ ಒಂದು ಗೇಣು ಕೆಳಗೆ ಕೊಯ್ದು, ಚಿಗುರಿದರೆ ಮತ್ತೊಮ್ಮೆ ಹಾಗೆಯೇ ಕೊಯ್ದರೆ, ಉಸಿರು ಕಟ್ಟಿ ಗೆಡ್ಡೆ ಕೊಳೆಯುತ್ತದೆ. ಅದಕ್ಕೆ ಬೇಕಾದುದು ಆಳೆತ್ತರದ ಬಿದಿರಿನ ಕಾವಿಗೆ ಬಿಗಿದ, ನಯವಾದ, ಆಳ ಬಾಗಿನ ಅಲಗು.

ಏರಿಯ ಮೇಲಿನ ಹುಲ್ಲಿಗೆ ಮಾತ್ರ ಯುರೋಪಿನ ರೈತರ ‘ಸೈದ್’ ಎಂಬ ಉಪಕರಣವನ್ನು ಒಮ್ಮೆ ಪ್ರಯೋಗಿಸಿ ನೋಡಬಹುದೆಂದು ನನ್ನ ಅಭಿಪ್ರಾಯ. ಆಳೆತ್ತರದ ಕಾವು, ಅದರಲ್ಲಿ ಎರಡು ಕೈಗೂ ಎರಡು ಹಿಡಿ, ತುದಿಯಲ್ಲಿ ಎರಡಡಿಗೂ ಮಿಕ್ಕ ತೆಳುವಾದ ಬಾಗಿದ ಅಲಗು. ನೆಟ್ಟಗೆ ನಿಂತು ಸೊಂಟವನ್ನು ತಿರುಗಿಸುತ್ತ ಬಲದಿಂದ ಎಡಕ್ಕೆ ಬೀಸಿದರೆ ಅರ್ಧಚಂದ್ರಾಕಾರದ ಪಟ್ಟಿಯೊಂದು ಕೊಯ್ಲಾಗಿ, ಹುಲ್ಲು ಎಡಗಡೆಗೆ ಸಾಲಾಗಿ ಬೀಳುತ್ತದೆ. ಟಾಲ್‌ಸ್ಟಾಯ್ ತನ್ನ ‘ಆನಾ ಕರೆನಿನಾ’ ಕಾದಂಬರಿಯಲ್ಲಿ ಜಮೀನುದಾರನಾದ ಲೆವಿನ್ ತನ್ನ ರೈತರ ಸಾಲಿನಲ್ಲಿ ನಿಂತು ದಿನವಿಡೀ ಹುಲ್ಲು ಕೊಯ್ಯುವ ಪ್ರಸಂಗವನ್ನು ಅಷ್ಟು ವಿವರವಾಗಿ ಬರೆದಿರುವುದಕ್ಕೆ ಆತನೇ ಈ ಕೆಲಸವನ್ನು ಕೈಯಾರೆ ಮಾಡುತ್ತಿದ್ದುದೂ ಒಂದು ಕಾರಣ. ಬೆನ್ನು ಬಾಗಿಸದೆ, ಕುಕ್ಕರಗಾಲಿನಲ್ಲಿ ಕೂರದೆ, ಬಹಳ ಹುಲ್ಲನ್ನು ಕೊಯ್ಯುವ ವಿಧಾನವಿದು. ಆದರೆ ಅದರ ನಿಯಮಗಳು ಕಠಿನ. ಹುಲ್ಲು ಇಬ್ಬನಿಯಿಂದ ನೆನೆದಿರುವ ಮುಂಜಾವದಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಮಧ್ಯಾಹ್ನದ ಒಣಹುಲ್ಲಿನಲ್ಲಿ ತಡವರಿಸುತ್ತದೆ; ಒಂದು ಕಲ್ಲು ತಾಗಿದರೆ ತೆಳುವಾದ ಅಂಚು ಸೀಳುತ್ತದೆ; ಹುಲ್ಲು ಕೊಯ್ಯುವಾಗ ಕೆಲವು ನಿಮಿಷಗಳಿಗೊಮ್ಮೆ ಮಸೆಯಬೇಕು; ಅಂಚನ್ನು ಆಗಾಗ ಚಿಕ್ಕ ಅಡಿಗಲ್ಲಿನ ಮೇಲಿಟ್ಟು ಕಾಯಿಸದೆಯೇ ಸುತ್ತಿಗೆಯಿಂದ ತಟ್ಟಿ ಕಾಗದದಷ್ಟು ತೆಳುಮಾಡಬೇಕು. ಕೆಲವೊಮ್ಮೆ ಪತ್ರಿಕೆಗಳಲ್ಲಿ ಇದರ ಚಿತ್ರವನ್ನು ನೋಡಿ ಮೋಹಗೊಂಡು ದೂರದಿಂದ ತರಿಸುವವರು, ಅದನ್ನು ತಟ್ಟಿಕೊಡುವ ಕೈ ಹತ್ತಿರದಲ್ಲಿಲ್ಲದೆ, ಒಂದೇ ಮಳೆಗಾಲದ ನಂತರ ಅದನ್ನು ಅಟ್ಟಕ್ಕೆ ಏರಿಸುವುದು ಬಹುಮಟ್ಟಿಗೆ ನಿಶ್ಚಿತ. ಕಲ್ಲಿಲ್ಲದ ದೀರ್ಘ ಏರಿಯೂ, ಕಲಿಯುವ ತಾಳ್ಮೆಯೂ, ಕಲಿಯಲೊಪ್ಪುವ ಕಂಬಾರನೂ ಒಂದೆಡೆ ಸೇರಿದರೆ ಮಾತ್ರ ಅದು ಇಲ್ಲಿ ನೆಲೆನಿಂತೀತು.

ನೇಪಿಯರ್ ಹುಲ್ಲು ಬಲಿತು ಕಬ್ಬಿನ ಗಾತ್ರಕ್ಕೆ ಬಂದರೆ ಕುಡುಗೋಲು ಸೋಲುತ್ತದೆ. ಭೀಮಾತೀರದ ಕಬ್ಬಿನ ಹೊಲಗಳಲ್ಲಿ ಕಾಣುವ, ಭಾರವಾದ ಅಗಲ ಅಲಗಿನ ಕೊಯ್ತಾ ಅದಕ್ಕೆ ತಕ್ಕುದು. ಬದುವಿನಲ್ಲಿ ಏಳುವ ಜಾಲಿಯ ಸಸಿಗಳಿಗೂ ಅದೇ. ಕೊಯ್ತಾದಿಂದ ಸಣ್ಣ ಹುಲ್ಲನ್ನು ಹೊಡೆಯಲು ಹೋಗುವುದೂ, ಕುಡುಗೋಲಿನಿಂದ ಜಾಲಿಯನ್ನು ಕಡಿಯಲು ಹೋಗುವುದೂ ಒಂದೇ ತೆರನ ಅವಿವೇಕ. ಮೇವಿನ ಮಾತು ಬಂದುದರಿಂದ ಒಂದು ಎಚ್ಚರಿಕೆ: ಜೋಳವನ್ನು ಕೊಯ್ದ ಮೇಲೆ ಕೂಳೆಯಿಂದ ಏಳುವ ಎಳೆಯ ಚಿಗುರಿನಲ್ಲಿಯೂ, ಮಳೆಯಿಲ್ಲದೆ ಬಾಡಿ ಕುಗ್ಗಿದ ಎಳೆಯ ಜೋಳದಲ್ಲಿಯೂ ಸಯನೈಡಿನ ವಿಷ ಹುಟ್ಟುವ ದ್ರವ್ಯವಿರುತ್ತದೆ, ಬದುವಿನ ಹುಲ್ಲಿನೊಡನೆ ಅದನ್ನು ಕಲಸಿ ಕೊಯ್ದು ಕಿಲಾರಿ ಹೋರಿಯ ಮುಂದೆ ಹಾಕಬಾರದು.

ಕಾಂಗ್ರೆಸ್ ಕಸವನ್ನು ಕೊಯ್ಯುವವರಿಗೆ ಎಡಗೈಯಿಂದ ಹಿಡಿಯುವ ಕುಡುಗೋಲು ಸಲ್ಲದು. 1950ರ ದಶಕದಲ್ಲಿ ಪುಣೆಯ ಸುತ್ತ ಮೊದಲು ಗಮನಕ್ಕೆ ಬಂದು ದಖನ್ನಿನಲ್ಲೆಲ್ಲ ಹಬ್ಬಿದ ಈ ಕಳೆ ಅನೇಕರ ಚರ್ಮಕ್ಕೆ ತುರಿಕೆಯನ್ನೂ ಕೆಲವರಿಗೆ ಉಬ್ಬಸವನ್ನೂ ತರುತ್ತದೆ. ಅದು ಹುಲ್ಲಿನ ಜಾತಿಯದಲ್ಲವಾದುದರಿಂದ ಬೇರನ್ನು ಉಳಿಸುವ ಬದುವಿನ ನಿಯಮ ಅದಕ್ಕೆ ಅನ್ವಯಿಸದು. ಹೂಬಿಡುವ ಮುನ್ನ, ಮಣ್ಣು ಹಸಿಯಿರುವಾಗ, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕೀಳುವುದೇ ಸರಿ, ಕೀಳಲಾಗದಷ್ಟು ದಟ್ಟವಾಗಿದ್ದರೆ ಉದ್ದ ಕಾವಿನ ಅಲಗಿನಿಂದ ದೂರನಿಂತು ಕೊಯ್ಯಬೇಕು.

ಎದೆಯೆತ್ತರದ ಹುಲ್ಲಿಗೆ ಕೈಯಿಕ್ಕುವ ಮುನ್ನ ಉದ್ದನೆಯ ಕೋಲಿನಿಂದ ಅದನ್ನು ಸರಿಸಿ ನೋಡುವ, ಪಾದಕ್ಕೆ ಮೊಳಕಾಲುದ್ದದ ರಬ್ಬರಿನ ಬೂಟು ತೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಸಾಲದು. ನಾಗರಹಾವೂ ಕೊಳಕುಮಂಡಲವೂ ಇಲಿಯನ್ನು ಹುಡುಕಿಕೊಂಡು ಬದುವಿಗೇ ಬರುತ್ತವೆ. ಹಿಡಿದು ಕೊಯ್ಯುವ ಎಡಗೈಯೇ ಅವಕ್ಕೆ ಮೊದಲು ಸಿಗುತ್ತದೆ. ಕಚ್ಚಿದಾಗ ಕೈಯಲ್ಲಿ ಕುಡುಗೋಲು ಇರುವುದರಿಂದಲೇ ಗಾಯವನ್ನು ಅದರಿಂದ ಸೀಳಿ ರಕ್ತ ಹರಿಯಿಸುವ, ಮೇಲೆ ಬಿಗಿಯಾಗಿ ಹಗ್ಗ ಕಟ್ಟುವ ಹಳೆಯ ರೂಢಿಗೆ ಜನ ಮುಂದಾಗುತ್ತಾರೆ. ಎರಡೂ ಕೆಡುಕೇ. ಆ ಕೈಯನ್ನು ಅಲುಗಾಡಿಸದೆ ಕೋಲಿಗೋ ಹಲಗೆಗೋ ಸಡಿಲವಾಗಿ ಕಟ್ಟಿ, ಬೆರಳಿನ ಉಂಗುರವನ್ನೂ ಬಳೆಯನ್ನೂ ತೆಗೆದು, ರೋಗಿಯನ್ನು ನಡೆಸದೆ ವಾಹನದಲ್ಲಿ ತಾಲೂಕು ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ದೊರೆಯುವುದು ಅಲ್ಲಿ. ಕುಡುಗೋಲನ್ನು ಬದುವಿನಲ್ಲಿಯೇ ಬಿಟ್ಟು ಹೋದರೂ ಅಡ್ಡಿಯಿಲ್ಲ.